ಭೋಂಗಾ ತಡವಾದ ಹನ್ನೊಂದು ನಿಮಿಷ

ಬಹಳ ಹಿಂದೆ, ಹೊಳೆಯ ದಂಡೆಗೆ ಹಿರೇಮಡು ಅಂತ ಒಂದೂರು, ಆ ಊರಿಗೊಂದು ಬಟ್ಟೆ ಮಿಲ್ಲು. ಎಷ್ಟು ಹಿಂದೆ ಎಂದು ಕೇಳಬೇಡಿ. ಕೇಳಿದವರಿಗೆ ಒಬ್ಬೊಬ್ಬರು ಒಂದೊಂದು ಇಸವಿ ಹೇಳಿದ್ದಾರೆ, ಎಲ್ಲರೂ ಆಣೆ ಮಾಡಿಯೇ ಹೇಳಿದ್ದಾರೆ. ಮಿಲ್ಲಿನಲ್ಲಿ ಎಂಟು ನೂರು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು ಎಂಬುದು ಮಾತ್ರ ನಿಜ. ಆ ಸದ್ದಿಗೆ ಹೊಳೆಯ ಮೀನೆಲ್ಲ ಹತ್ತು ಮೈಲಿ ಕೆಳಕ್ಕೆ ಸರಿದವು ಅಂತಾರೆ. ಮೀನಿನ ಸಂಗತಿ ಗೊತ್ತಿಲ್ಲ. ಜನರ ಕಿವಿ ಹೋದದ್ದು ಗೊತ್ತು.

ಹತ್ತು ವರ್ಷ ಮಗ್ಗದ ಖಾತೆಯಲ್ಲಿ, ಅಂದರೆ ಮಗ್ಗ ಓಡಿಸುವ ವಿಭಾಗದಲ್ಲಿ, ದುಡಿದವರಿಗೆ ಕಿವಿ ಇದ್ದೂ ಇಲ್ಲ. ಊರಿನಲ್ಲೊಂದು ಭಜನಾ ಮೇಳವಿತ್ತು. ಅದರ ಹಾರ್ಮೋನಿಯಂ ಪೇಟಿಯ ತಿದಿ ಹರಿದು ನಾಲ್ಕು ತಿಂಗಳಾದರೂ ಮಾಸ್ತರು ಬರೀ ಬೆರಳಾಡಿಸುತ್ತಿದ್ದರಂತೆ. ಯಾರಿಗೂ ಗೊತ್ತಾಗಲಿಲ್ಲವಂತೆ, ಮಾಸ್ತರಿಗೂ.

ಹಾಗಾಗಿ ಮಾತೆಲ್ಲ ಕೈಯಲ್ಲಿ. ಎರಡು ಬೆರಳು ಅಗಲಿಸಿದರೆ ಎಳೆ ಹರಿಯಿತು. ಮೀಸೆ ತೀಡಿದರೆ ಸಾಹೇಬ ಬಂದ. ಕೆಟ್ಟ ಮಗ್ಗವನ್ನು ಜಾಬರ್ ದುರಸ್ತಿ ಮಾಡಿ ದೂರ ನಿಂತು ನೋಡುತ್ತಾನೆ. ನೇಕಾರ ಅಂಗೈ ಬಿಡಿಸಿ ತಲೆಯ ಮೇಲೆತ್ತಿದರೆ, ಚೆನ್ನಾಗಿ ಓಡುತ್ತಿದೆ, ಮುಟ್ಟಬೇಡ, ಓಡಲಿ ಎಂದರ್ಥ. ಮುಷ್ಟಿ ಎತ್ತಿದರೆ ಬೇರೆ. ಮುಷ್ಟಿ ಎಂದರೆ ಯಾರದೋ ಕೈ ಯಂತ್ರಕ್ಕೆ ಸಿಕ್ಕಿದೆ. ಕಂಡವರು ಕೈಯಲ್ಲಿದ್ದದ್ದನ್ನು ಬಿಸಾಡಿ, ಯಂತ್ರ ನಿಲ್ಲಿಸಿ ಓಡಬೇಕು. ಈ ಎರಡನ್ನು ನೆನಪಿಡಿ, ಅಂಗೈ ಮತ್ತು ಮುಷ್ಟಿ. ಮಿಕ್ಕದ್ದು ಮರೆತರೂ ನಡೆಯುತ್ತದೆ.

ಇನ್ನು ಈ ಕಥೆಯವನು. ಬರ್ಮಾ ದೇಶದ ಗುಡ್ಡಗಾಡಿನವನು. ಹೆಸರು ಸಾ ಟೂ. ಮುಂದೆ ಮಿಲ್ಲಿನ ಹಾಜರಿ ಗುಮಾಸ್ತ ಆ ಹೆಸರನ್ನು ಒಮ್ಮೆ ದಿಟ್ಟಿಸಿ ನೋಡಿ ಸಾತಪ್ಪ ಎಂದು ಬರೆದುಕೊಂಡ, ಅಲ್ಲಿಂದ ಅವನು ಸಾತಪ್ಪನೇ. ಚಿಕ್ಕವನಿದ್ದಾಗ ಗಲಭೆಯಲ್ಲಿ ಊರು ಸುಟ್ಟುಹೋಯಿತು. ತಾಯಿಯ ಕೈ ಹಿಡಿದು ನಡೆಯತೊಡಗಿದ. ದಾರಿ ಮರೆಯದಿರಲಿ ಎಂದು ಆ ತಾಯಿ, ದಾಟಿದ ಒಂದೊಂದು ಊರಿಗೂ ಒಂದೊಂದು ನುಡಿ ಕಟ್ಟಿ ಮಗನಿಂದ ಹಾಡಿಸುತ್ತ ಬಂದಳಂತೆ. ಎಲ್ಲಿ ನೆಲೆ ನಿಲ್ಲುತ್ತೀಯೋ ಆ ಊರಿನ ಹೆಸರು ಹಾಕಿ ಹಾಡು ಮುಗಿಸು, ಅಲ್ಲಿಗೆ ನಡಿಗೆ ಮುಗಿಯಿತು ಎಂದಿದ್ದಳಂತೆ. ಹಡಗು ಮದರಾಸಿನ ಧಕ್ಕೆ ಮುಟ್ಟುವ ಮೊದಲೇ ಅವಳು ತೀರಿಕೊಂಡಳು. ಹದಿನೇಳು ನುಡಿಯ ಹಾಡು ಮಗನ ಬಳಿ ಉಳಿಯಿತು. ಹದಿನೆಂಟನೆಯದು ಖಾಲಿ.

ಮದರಾಸಿನಲ್ಲೇ ಬೆಳೆದ. ಹಡಗಿನವನೊಬ್ಬ ಅವನಿಗೆ ಕರೆಂಟಿನ ಗಿಟಾರು ಕೊಟ್ಟ. ಏಕೆ ಕೊಟ್ಟ ಎಂಬುದಕ್ಕೆ ಏಳು ಕಥೆಗಳಿವೆ. ಆ ಗಿಟಾರಿನ ಮೇಲೆ ಮಲಗಿ ಸಮುದ್ರ ಈಜಿ ಬಂದ ಎಂಬುದು ಎಂಟನೆಯದು. ಹಲಗೆಯಂಥ ಗಿಟಾರು ತೇಲುತ್ತದೆ, ಅಷ್ಟು ಒಪ್ಪಬಹುದು. ತಾಯಿ ಮೆಲ್ಲಗೆ ಹಾಡಿದ್ದನ್ನು ಮಗ ರಾಕ್ ಎಂಬ ಹೆಸರಿನಲ್ಲಿ ಗೋಡೆ ನಡುಗುವಂತೆ ಹಾಡತೊಡಗಿದ. ಒಂದು ನುಡಿ, ಅದರ ಬೆನ್ನಿಗೆ ಗಿಟಾರು, ಮತ್ತೊಂದು ನುಡಿ, ಮತ್ತೆ ಗಿಟಾರು. ಪೂರ್ತಿ ಹಾಡಿಗೆ ನಲವತ್ತೊಂದು ನಿಮಿಷ ಬೇಕು. ಪೂರ್ತಿ ಹಾಡಲು ಅವನನ್ನು ಯಾರೂ ಬಿಡಲಿಲ್ಲ.

ಮದರಾಸಿನ ಹೋಟೆಲಿನಲ್ಲಿ ಊಟ ಮಾಡುವವರ ಮುಂದೆ ನುಡಿಸಲು ಇಟ್ಟುಕೊಂಡರು. ಮೂರನೇ ನುಡಿಗೆ ಬಟ್ಟಲಿನ ಸಾರು ಕುಣಿಯಿತು. ಮ್ಯಾನೇಜರು ಅಂಗೈ ಎತ್ತಿದ: ಸಾಕು. ಬೆಂಗಳೂರಿಗೆ ಬಂದ. ಐದನೇ ನುಡಿಗೆ ಪೊಲೀಸ್ ಪೇದೆ ಒಳಗೆ ಬಂದು, ಸರ್ಕಲ್ಲಿನಲ್ಲಿ ಬಸ್ಸು ನಿಲ್ಲಿಸುವಂತೆ ಅಂಗೈ ಎತ್ತಿದ: ನಿಲ್ಲಿಸು. ಸರ್ಕಸ್ ಕಂಪನಿ ಸೇರಿದ. ಊರೂರು ಅಲೆದ. ಒಂದು ದಿನ ಒಂಬತ್ತನೇ ನುಡಿಯವರೆಗೂ ಹೋದ. ಆ ಹೊತ್ತಿಗೆ ಸಿಂಹ ಸ್ಟೂಲಿನ ಕೆಳಗೆ ನುಸುಳಿ ಕೂತಿತ್ತು, ಚಾಟಿ ತೋರಿಸಿದರೂ ಹೊರಗೆ ಬರಲೊಲ್ಲದು. ರಿಂಗ್ ಮಾಸ್ಟರು ಅಂಗೈ ಎತ್ತಿದ.

ಹೀಗೆ ಎಷ್ಟು ಊರು, ಎಷ್ಟು ಅಂಗೈ. ಕೊನೆಕೊನೆಗೆ, ಎದುರಿಗೆ ಯಾರಾದರೂ ಕೈ ಎತ್ತಿದರೆ ಸಾಕು, ಅವನ ಬೆರಳು ತಂತಿಯಿಂದ ತಾವಾಗಿ ಜಾರುತ್ತಿದ್ದವು.

ಸಿಂಹ ಸ್ಟೂಲಿನ ಕೆಳಗೆ ಹೋದದ್ದು ಹಿರೇಮಡುವಿನಲ್ಲಿ. ಸರ್ಕಸ್ಸು ಅವನನ್ನು ಅಲ್ಲೇ ಬಿಟ್ಟು ಮುಂದಿನೂರಿಗೆ ಹೋಯಿತು.

ಆದರೆ ಆ ದಿನ ಗುಡಾರದಲ್ಲಿ ಇಮಾಮ್‌ಸಾಬ ಇದ್ದ. ಮಗ್ಗದ ಖಾತೆಯ ಜಾಬರ್. ಬಲಗೈಯ ಎರಡು ಬೆರಳು ಮಿಲ್ಲಿಗೆ ಕೊಟ್ಟವನು. ಅವನ ಕೈ ಸಿಕ್ಕ ದಿನ ಪಕ್ಕದವನು ಎತ್ತಿದ ಮುಷ್ಟಿಯನ್ನು ಯಾರೂ ಹೊತ್ತಿಗೆ ಸರಿಯಾಗಿ ನೋಡಿರಲಿಲ್ಲ. ಇಮಾಮ್‌ಸಾಬನಿಗೆ ಕಿವಿ ಹೋಗಿ ಎಷ್ಟೋ ವರ್ಷ. ಅಂಥವನಿಗೆ ಗುಡಾರದೊಳಗೆ ಯಾರೋ ಎದೆಗೂಡನ್ನು ಬಾಗಿಲು ತಟ್ಟಿದಂತೆ ತಟ್ಟಿದರಂತೆ. ತಿರುಗಿ ನೋಡಿದರೆ ಗಿಟಾರು. ಸರ್ಕಸ್ಸು ಹೋದ ಮೇಲೆ ಅವನನ್ನು ಹುಡುಕಿ, ಕೈಸನ್ನೆಯಲ್ಲೇ ಕರೆದುಕೊಂಡು ಬಂದ. ಬರ್ಮಾದವನಿಗೆ ಕನ್ನಡ ಬರದು. ಬಂದಿದ್ದರೂ ಆ ಊರಿನಲ್ಲಿ ಏನು ಉಪಯೋಗವಿತ್ತು?

ಮಿಲ್ಲಿಗೆ ಹೊಳೆ ನೀರಿನಿಂದ ತನ್ನದೇ ಕರೆಂಟು. ಅದೆಲ್ಲ ಮಗ್ಗಗಳಿಗೆ. ರಜೆಯ ದಿನ ಕರೆಂಟಿಗೂ ರಜೆ. ಮಧ್ಯಾಹ್ನ ಹನ್ನೆರಡಕ್ಕೆ ಭೋಂಗಾ, ಅಂದರೆ ಮಿಲ್ಲಿನ ಉಗಿಯ ಸೀಟಿ, ಕೂಗಿ ಊಟಕ್ಕೆ ಬಿಟ್ಟಾಗ ಮಾತ್ರ ಮಗ್ಗ ನಿಂತು ಕರೆಂಟು ಬಿಡುವಾಗುತ್ತಿತ್ತು. ಹನ್ನೆರಡೂವರೆಗೆ ಭೋಂಗಾ ಮತ್ತೆ ಕೂಗುತ್ತದೆ, ಎಲ್ಲರೂ ಒಳಗೆ. ಆ ಅರ್ಧ ಗಂಟೆಯಲ್ಲಿ, ಅಂಗಳದ ಬೇವಿನ ಮರದ ಕೆಳಗೆ, ಎರಡು ಸಾವಿರ ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ, ಅವನು ತಂತಿ ಮೀಟಿದ.

ಬೇವಿನ ಕಾಗೆಗಳು ಹಾರಿಹೋದವು, ಮೂರು ವರ್ಷ ಮರಳಲಿಲ್ಲ ಅಂತಾರೆ. ಸಾಹೇಬರ ಬಂಗಲೆಯ ಗಾಜು ಒಡೆಯಿತು ಅಂತಾರೆ. ಹುಟ್ಟು ಕಿವುಡರಿಗೆ ಕಿವಿ ಬಂತು ಅಂತಾರೆ. ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತವರಿಗೆ ಬೆನ್ನಿನಲ್ಲಿ ಕೇಳಿಸಿತು, ಹಲ್ಲು ಕಚ್ಚಿದವರಿಗೆ ಹಲ್ಲಿನಲ್ಲಿ. ಅಷ್ಟೇ. ಅದೇನು ಸಣ್ಣದೇ? ಬಾಯಿಗಿಟ್ಟ ರೊಟ್ಟಿ ಬಾಯಲ್ಲೇ ಉಳಿಯಿತು. ಪೇಟಿ ಮಾಸ್ತರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಎರಡು ಸಾವಿರ ಜನರ ಎದೆಯೊಳಗೆ ಯಾರೋ ಓಡಾಡುತ್ತಿದ್ದಂತಿತ್ತು. ಇಮಾಮ್‌ಸಾಬ ಮೊದಲು ಕೈ ಎತ್ತಿದ, ಮೂರೇ ಬೆರಳಿನ ಅಂಗೈ. ಅವನ ಹಿಂದೆ ನೂಲು ಸುತ್ತುವ ರೀಲಿಂಗ್ ಖಾತೆಯ ಬಾಳವ್ವ. ಅವಳ ಹಿಂದೆ ಸಾಲು ಸಾಲು. ಓಡುತ್ತಿದೆ, ಮುಟ್ಟಬೇಡ, ಓಡಲಿ.

ಅವನು ಕಣ್ಣು ಮುಚ್ಚಿ ಹಾಡುತ್ತಿದ್ದ. ನಾಲ್ಕನೇ ನುಡಿ ಮುಗಿಸಿ ಕಣ್ಣು ಬಿಟ್ಟ. ಇಷ್ಟು ದಿನ ಒಂದೊಂದು ಊರಿನಲ್ಲಿ ಒಂದೊಂದೇ ಅಂಗೈ ಕಂಡವನು. ಇಲ್ಲಿ ಊರಿಗೆ ಊರೇ ಎತ್ತಿ ನಿಂತಿದೆ.

ಬೆರಳು ಜಾರಿದವು. ಊರಿನವರು ಯಾರೂ ನಿಲ್ಲಿಸದ ಒಂದೇ ಒಂದು ಊರಿನಲ್ಲಿ ಅವನು ತಾನೇ ನಿಲ್ಲಿಸಿದ. ವೈರು ಕಿತ್ತ, ಗಿಟಾರು ಹೆಗಲಿಗೇರಿಸಿದ, ಬಸ್ ಸ್ಟ್ಯಾಂಡಿಗೆ ನಡೆದ.

ಎರಡು ಸಾವಿರ ಜನ ಕೈ ಎತ್ತಿಕೊಂಡೇ ಕೂತಿದ್ದರಂತೆ. ಏನು ಕೆಟ್ಟಿತು ಎಂದು ತಿಳಿಯದೆ ಇಮಾಮ್‌ಸಾಬ ವೈರನ್ನೇ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದನಂತೆ. ಬೆನ್ನು ಹತ್ತಿ ಓಡಿದವಳು ಬಾಳವ್ವ ಒಬ್ಬಳೇ. ಗಟ್ಟಿಗಿತ್ತಿ, ಇಪ್ಪತ್ತು ವರ್ಷದ ಸರ್ವಿಸು, ಆ ಹೊತ್ತಿನ ಅರ್ಧ ದಿನದ ಹಾಜರಿ ಬಿಟ್ಟು ಹೋದಳು. ಕಿವಿ ಕೇಳದವರ ಮಾತು ದೊಡ್ಡದು. ಬಸ್ ಸ್ಟ್ಯಾಂಡಿನಲ್ಲಿ ಅವಳು ಆಡಿದ್ದನ್ನು ಕೇಳಿಸಿಕೊಳ್ಳದವರು ಯಾರೂ ಇಲ್ಲ, ಹಾಗಾಗಿ ಅದೊಂದು ನಂಬಬಹುದು.

"ಏ ತಮ್ಮಾ, ನಡುವ ಬಿಟ್ಟು ಎಲ್ಲಿ ಹೊಂಟಿ? ಹತ್ತ ವರ್ಷದ ಮ್ಯಾಲೆ ಒಂದ ಹಾಡ ಕೇಳೇನಿ. ಅದನ್ನೂ ಅರ್ಧಾ ಮಾಡಿದಿ."

ಅವನಿಗೆ ಅರ್ಥವಾಗಲಿಲ್ಲ. ತನ್ನ ಅಂಗೈ ಎತ್ತಿ ತೋರಿಸಿದ, ನೀವೇ ಅಲ್ಲವೇ ಎಂಬಂತೆ. ಬಾಳವ್ವ ತನ್ನನ್ನೇ ಹೊಗಳುತ್ತಿದ್ದಾನೆ ಎಂದುಕೊಂಡು ಸೆರಗು ಸರಿಮಾಡಿಕೊಂಡಳಂತೆ. ಆಮೇಲೆ ಅವನ ಮುಖ ನೋಡಿದಳು. ಹೊಗಳುವವರ ಮುಖ ಹಾಗಿರುವುದಿಲ್ಲ. ಅವಳಿಗೆ ಸಂಗತಿ ಹೊಳೆಯಿತು. ರಟ್ಟೆ ಹಿಡಿದು ಮಿಲ್ಲಿಗೆ ಎಳೆದು ತಂದು ಮಗ್ಗದ ಖಾತೆಯ ಬಾಗಿಲಲ್ಲಿ ನಿಲ್ಲಿಸಿದಳು.

ಒಳಗೆ ಇಮಾಮ್‌ಸಾಬ ಒಂದು ಮಗ್ಗ ಬಿಚ್ಚಿ ಜೋಡಿಸಿ ಹಿಂದೆ ಸರಿದ. ಮಗ್ಗ ಹೊರಟಿತು. ನೇಕಾರ ಅಂಗೈ ಎತ್ತಿದ. ಮಗ್ಗ ನಿಲ್ಲಲಿಲ್ಲ. ಇನ್ನೊಂದು ಮಗ್ಗ, ಇನ್ನೊಂದು ಅಂಗೈ. ಅದೂ ನಿಲ್ಲಲಿಲ್ಲ. ಅಂಗೈ ಎತ್ತಿದಲ್ಲೆಲ್ಲ ಓಡುತ್ತಿತ್ತು, ಬಡಿಯುತ್ತಿತ್ತು, ಬಟ್ಟೆ ಇಳಿಯುತ್ತಿತ್ತು. ಅವನು ಆ ಹೊಸ್ತಿಲ ಮೇಲೆ ಕೂತುಬಿಟ್ಟ. ಅತ್ತ ಎಂದು ಕೆಲವರು, ನಕ್ಕ ಎಂದು ಕೆಲವರು. ಅಲ್ಲಿ ಹಾರಾಡುವ ಹತ್ತಿಯ ಧೂಳಿಗೆ ಯಾರ ಕಣ್ಣಾದರೂ ಒದ್ದೆಯಾಗುತ್ತದೆ.

"ನಾಳಿ ಬಂದು ಮುಗಸು" ಎಂದಳು ಬಾಳವ್ವ. ಅದಷ್ಟು ಅವನಿಗೆ ತಿಳಿಯಿತು.

ಮರುದಿನ ಮುಗಿಯಲಿಲ್ಲ. ಹದಿಮೂರನೇ ನುಡಿಯಲ್ಲಿದ್ದಾಗ ಭೋಂಗಾ ಕೂಗಿತು. ಅದನ್ನು ಎಳೆಯುವವನು ದುಂಡಪ್ಪ. ಅಂಗಳದ ಎತ್ತರಕ್ಕೆ ಬಾಯ್ಲರ್ ಮನೆ, ಅದರ ಕಿಟಕಿಯಲ್ಲಿ ದುಂಡಪ್ಪ, ಕೈಯಲ್ಲಿ ಭೋಂಗಾದ ಸರಪಳಿ, ಕಣ್ಣು ಗಡಿಯಾರದ ಮೇಲೆ. ಅವನ ಮಗಳ ಮದುವೆಯ ಅಕ್ಕಿಕಾಳು ಬೀಳುವ ಹೊತ್ತಿಗೂ ಅವನು ಭೋಂಗಾ ಎಳೆದು ಬಂದೇ ಕಾಳು ಹಾಕಿದ್ದನಂತೆ. ಸೂರ್ಯ ತಪ್ಪಿದರೂ ದುಂಡಪ್ಪ ತಪ್ಪುವುದಿಲ್ಲ ಅಂತಿದ್ದರು. ಭೋಂಗಾ ಕೂಗಿದ ಮೇಲೆ ಅಂಗಳದಲ್ಲಿ ನಿಂತವರಿಗೆ ಆ ಪಾಳಿ ಇಲ್ಲ. ಎರಡು ಸಾವಿರ ಜನ ಎದ್ದು ಒಳಗೆ ಹೋದರು.

ನಿಂತಲ್ಲಿಂದ ಮುಂದುವರಿಸು ಎಂದು ಇಮಾಮ್‌ಸಾಬ ಸನ್ನೆ ಮಾಡಿದ. ಆಗದು ಎಂದು ತಲೆಯಲ್ಲಾಡಿಸಿದನಂತೆ ಸಾತಪ್ಪ. ಅದು ನಡೆದು ಬಂದ ದಾರಿ, ಮೊದಲ ಊರಿನಿಂದಲೇ ಹೊರಡಬೇಕು. ಹಾಡುವವರು ಎಲ್ಲ ಕಾಲದಲ್ಲೂ ಹೀಗೆಯೇ. ಹಾಗಾಗಿ ಊರಿನಲ್ಲಿ ಉಳಿದ. ಹತ್ತಿ ಗೋದಾಮಿನಲ್ಲಿ ಕೆಲಸ ಕೊಟ್ಟರು. ದಿನಾ ಮಧ್ಯಾಹ್ನ ಮೊದಲ ಊರಿನಿಂದ ಹೊರಡುತ್ತಾನೆ, ದಿನಾ ಹದಿಮೂರನೇ ಊರಿನಲ್ಲಿ ಭೋಂಗಾ ಅಡ್ಡ ಬರುತ್ತದೆ.

ಇಮಾಮ್‌ಸಾಬ ಹಳೆಯ ಡಬ್ಬಗಳಿಗೆ ತೊಗಲು ಬಿಗಿದು ಡ್ರಮ್ಮು ಮಾಡಿಕೊಂಡ. ಎಂಟು ಬೆರಳಿನ ಬಡಿತ, ಆದರೆ ಎಂಟು ನೂರು ಮಗ್ಗದ ತಾಳ ಅದರಲ್ಲಿತ್ತು. ಅವರ ಪಾರ್ಟಿಗೆ ಮಗ್ಗದ ಖಾತೆ ಎಂದೇ ಹೆಸರು. ಹುಬ್ಬಳ್ಳಿಗೆ ಕರೆದರು, ಹೋದರು. ಬೆಳಗಾವಿಗೆ ಕರೆದರು. ಪುಣೆಗೆ ಕರೆದರು. ಹೋದಲ್ಲೆಲ್ಲ ಜನ ಕುರ್ಚಿಯ ಮೇಲೆ ಹತ್ತಿ ನಿಂತರಂತೆ. ಒಂದೂರಿನಲ್ಲಿ ಕುರ್ಚಿಗಳೇ ಕುಣಿದವಂತೆ. ಆದರೆ ಎಲ್ಲ ಕಡೆ ಕಾಲು ಗಂಟೆಯೇ ಕೊಡುತ್ತಿದ್ದದ್ದು. ಸಣ್ಣ ಹಾಡು ಹಾಡಿ ಬರುತ್ತಿದ್ದ. ದೊಡ್ಡ ಹಾಡು ಹಾಗೇ ಇತ್ತು.

ಆಮೇಲೆ ಮುಂಬಯಿಯಿಂದ ರೆಕಾರ್ಡು ಕಂಪನಿಯವನು ಬಂದ. ಸಾವಿರಾರು ಜನರ ಮುಂದೆ ಹಾಡು, ಎಷ್ಟು ಹೊತ್ತು ಬೇಕಾದರೂ ಹಾಡು, ಅಲ್ಲೇ ರೆಕಾರ್ಡು ಮಾಡಿಕೊಳ್ಳುತ್ತೇವೆ ಎಂದ. ರೈಲು ಹೊರಡುವಾಗ ಪ್ಲಾಟ್‌ಫಾರ್ಮಿನ ತುಂಬ ಎತ್ತಿದ ಅಂಗೈ. ಬೇರೆ ಊರಿಗೆ ಹೊರಟ ಪ್ರಯಾಣಿಕರು ರೈಲು ನಿಲ್ಲಿಸುತ್ತಿದ್ದಾರೆ ಎಂದುಕೊಂಡು ಗಾಬರಿಯಾದರಂತೆ.

ಮುಂಬಯಿಯ ಆ ಸಭೆಯಲ್ಲಿ ಅವನು ಹದಿಮೂರನೇ ಊರು ದಾಟಿದ. ಹದಿನಾಲ್ಕು ದಾಟಿದ. ಹದಿನೈದು. ಹದಿನಾರು. ಅಲ್ಲಿಯವರೆಗೆ ಯಾವ ಊರೂ ಅವನನ್ನು ಬಿಟ್ಟಿರಲಿಲ್ಲ. ಜನ ಹುಚ್ಚೆದ್ದರು. ಹುಚ್ಚೆದ್ದ ಪಟ್ಟಣದ ಜನ ಏನು ಮಾಡುತ್ತಾರೆ? ಮುಷ್ಟಿ ಬಿಗಿದು ಗಾಳಿಗೆ ಗುದ್ದುತ್ತಾರೆ. ಒಂದು ಮುಷ್ಟಿ ಎದ್ದಿತು, ನೂರು ಎದ್ದವು, ಸಭೆಯೆಲ್ಲ ಮುಷ್ಟಿ.

ಇಮಾಮ್‌ಸಾಬ ಕೋಲು ಬಿಸಾಡಿದ. ಡ್ರಮ್ಮು ಒದ್ದು ವೇದಿಕೆಯಿಂದ ಹಾರಿದ.

"ಯಾರ ಕೈ ಸಿಕ್ಕೈತಿ? ಎಲ್ಲೈತಿ ಮಶೀನು?"

ಸಿಕ್ಕವರ ಕೈಯನ್ನೆಲ್ಲ ಹಿಡಿದು ತಿರುಗಿಸಿ ಬೆರಳು ಎಣಿಸುತ್ತಿದ್ದನಂತೆ. ಸಾತಪ್ಪನೂ ಗಿಟಾರು ಕೆಳಗಿಟ್ಟು ಅವನ ಹಿಂದೆ ಓಡಿದ್ದ. ಅಷ್ಟು ವರ್ಷದಲ್ಲಿ ಅವನೂ ಮಿಲ್ಲಿನವನಾಗಿದ್ದ, ಅದು ಅವನಿಗೇ ಆಗ ಗೊತ್ತಾದದ್ದು. ಮುಂಬಯಿಯ ಜನ ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಇನ್ನಷ್ಟು ಮುಷ್ಟಿ ಎತ್ತಿದರು.

ಕಂಪನಿಯವನು ಒಳ್ಳೆಯವನೇ. ನಾಳೆ ಇನ್ನೊಮ್ಮೆ ಹಾಡು ಎಂದ. ಮುದುಕನನ್ನು ಊರಿಗೆ ಕಳಿಸು, ಡ್ರಮ್ಮಿಗೆ ಬೇರೆಯವರನ್ನು ಕೊಡುತ್ತೇನೆ, ಮುಷ್ಟಿ ಕಂಡರೂ ನಿಲ್ಲಿಸದವರನ್ನು ಎಂದ. ಸಾತಪ್ಪ ಇಮಾಮ್‌ಸಾಬನ ಕೈ ನೋಡಿದ. ಕಂಪನಿಯವನ ಮುಂದೆ ತನ್ನ ಮುಷ್ಟಿ ಎತ್ತಿ ಹಿಡಿದ, ಬಾಗಿಲು ದಾಟಿ ಹೊರಟುಹೋದ. ಕಂಪನಿಯವನು ಅದನ್ನು ಉತ್ಸಾಹ ಎಂದು ತಿಳಿದು ಮರುದಿನ ಸಂಜೆಯವರೆಗೂ ಕಾದನಂತೆ.

ಹಿರೇಮಡುವಿಗೆ ಬಂದವನು ಗಂಟು ಕಟ್ಟಿದ. ಹಾಡು ಮುಗಿಯದಿದ್ದರೆ ಇದು ನನ್ನೂರಲ್ಲ, ಇನ್ನೂ ನಡೆಯುವುದಿದೆ ಎಂದ. ಇಷ್ಟು ಹೊತ್ತಿಗೆ ಅವನು ಕನ್ನಡವನ್ನೂ ಕೈಯನ್ನೂ ಕಲಿತಿದ್ದ, ಆದರೂ ಅಷ್ಟೇ ಹೇಳಿದ. ಇಮಾಮ್‌ಸಾಬ ಮೂರು ದಿನ ಮುಖ ತೋರಿಸಲಿಲ್ಲ. ಬಾಳವ್ವ ಬಂದಳು.

"ಹೋಗಾಂವಾ ಹೋಗಪ್ಪ, ಯಾರ ಕಾಲ ಹಿಡೀಲಿ. ಇವತ್ತೊಂದ ದಿನ ಹಾಡಿ ಹೋಗು. ಬುತ್ತಿ ಹಂಗ ಗಂಟಲ ಇಳಿಯೂದಿಲ್ಲ."

ಹನ್ನೆರಡಕ್ಕೆ ಭೋಂಗಾ. ಬೇವಿನ ಮರ. ಬುತ್ತಿ. ಇಮಾಮ್‌ಸಾಬ ತಲೆ ತಗ್ಗಿಸಿಕೊಂಡೇ ಬಂದು ಡಬ್ಬಗಳ ಹಿಂದೆ ಕೂತ. ಮೊದಲ ಊರು, ಎರಡನೇ ಊರು. ಹನ್ನೆರಡೂ ಇಪ್ಪತ್ತೆಂಟಕ್ಕೆ ಹನ್ನೆರಡನೇ ಊರು. ಬಾಯ್ಲರ್ ಮನೆಯ ಕಿಟಕಿಯಲ್ಲಿ ದುಂಡಪ್ಪ ಸರಪಳಿ ಹಿಡಿದ.

ಆಗ ಬಾಳವ್ವ ಎದ್ದು ನಿಂತಳು. ಹಾಡುವವನಿಗೆ ಬೆನ್ನು ಹಾಕಿದಳು. ಕಿಟಕಿಯತ್ತ ಮುಖ ಮಾಡಿ ಅಂಗೈ ಎತ್ತಿದಳು.

ಓಡುತ್ತಿದೆ. ಮುಟ್ಟಬೇಡ.

ಅವಳ ಪಕ್ಕದವಳು ತಿರುಗಿದಳು. ಆಚೆಯವನು ತಿರುಗಿದ. ಸಾತಪ್ಪ ಕಣ್ಣು ಬಿಟ್ಟರೆ ಎದುರಿಗೆ ಎರಡು ಸಾವಿರ ಬೆನ್ನು, ಎರಡು ಸಾವಿರ ಅಂಗೈ, ಎಲ್ಲವೂ ಆ ಕಿಟಕಿಯ ಕಡೆ. ಈ ಸಲ ಅವನ ಬೆರಳು ಜಾರಲಿಲ್ಲ.

ದುಂಡಪ್ಪನಿಗೆ ಹಾಡು ಕೇಳುತ್ತಿರಲಿಲ್ಲ, ಬಾಯ್ಲರ್ ಅವನ ಕಿವಿಯನ್ನು ಎಂದೋ ತಿಂದಿತ್ತು. ಅವನಿಗೆ ಕಂಡದ್ದು ಅಂಗೈ ಮಾತ್ರ. ಮೂವತ್ತೊಂದು ವರ್ಷದ ನೌಕರಿ. ಭೋಂಗಾ ತಡವಾದರೆ ಮನೆಗೆ ನಡೆ ಎಂಬ ಕಾಯ್ದೆ. ಗಡಿಯಾರದ ಮುಳ್ಳು ಹನ್ನೆರಡೂವರೆಗೆ ಬಂತು. ದಾಟಿತು. ದುಂಡಪ್ಪ ಸರಪಳಿ ಬಿಟ್ಟು, ಬಿಸಿ ಕಬ್ಬಿಣ ಹಿಡಿದಿದ್ದವನಂತೆ ಕೈಯನ್ನು ಅಂಗಿಗೆ ಒರೆಸಿಕೊಂಡ.

ಹದಿಮೂರು ದಾಟಿತು. ಹದಿನಾಲ್ಕು. ಇಮಾಮ್‌ಸಾಬ ಬಡಿಯುತ್ತಿದ್ದ ಹಾಗೆ ಹತ್ತು ಬೆರಳಿನವರು ಯಾರೂ ಬಡಿದಿಲ್ಲವಂತೆ. ಹದಿನಾರು, ಹದಿನೇಳು. ಹದಿನೇಳರ ಆಚೆ ಸಾತಪ್ಪನ ತಾಯಿ ನಡೆದಿರಲಿಲ್ಲ. ಅವನು ಒಂದು ಉಸಿರು ತೆಗೆದುಕೊಂಡ, ಹದಿನೆಂಟನೆಯ ನುಡಿ ಹಾಡಿದ. ಅವನ ಭಾಷೆ ಅಲ್ಲಿ ಯಾರಿಗೂ ಬಾರದು. ಆ ಹಾಡಿನಲ್ಲಿ ಅವರಿಗೆ ತಿಳಿದ ಶಬ್ದ ಒಂದೇ ಒಂದು, ಅದು ಕಟ್ಟಕಡೆಯದು. ಅದನ್ನು ಅವನು ಗೋಡೆ ನಡುಗುವಂತೆ ಕೂಗಿದ. ಬೆನ್ನಿನಲ್ಲಿ ಕೇಳಿಸಿಕೊಂಡವರಿಗೂ ಹಲ್ಲಿನಲ್ಲಿ ಕೇಳಿಸಿಕೊಂಡವರಿಗೂ ಅದು ತಿಳಿಯಿತು.

ಹಿರೇಮಡು.

ಆಮೇಲೆ ದುಂಡಪ್ಪ ಭೋಂಗಾ ಎಳೆದ. ಅದು ಗಿಟಾರಿನ ಕೊನೆಯ ಸ್ವರದಲ್ಲೇ ಕೂಗಿತು, ದೇವರ ಲೀಲೆ ಅಂತಾರೆ. ಭೋಂಗಾಕ್ಕೆ ಇದ್ದದ್ದು ಒಂದೇ ಸ್ವರ. ಅದನ್ನು ದಿನಾ ಕೇಳಿದ ಗಿಟಾರೇ ಅದರ ಬಳಿಗೆ ಬಂದಿರಬೇಕು.

ಮಿಲ್ಲಿನ ರಿಜಿಸ್ಟರಿನಲ್ಲಿ ಆ ದಿನದ ಪುಟ ಇದೆ, ಬೇಕಾದವರು ನೋಡಬಹುದು. ಹನ್ನೊಂದು ನಿಮಿಷ ತಡ. ಕಾರಣದ ಜಾಗದಲ್ಲಿ ದುಂಡಪ್ಪನ ಅಕ್ಷರ: ಬಾಯ್ಲರ್ ದುರಸ್ತಿ. ಸಾಹೇಬರು ಬಾಯ್ಲರ್ ನೋಡಲು ಹೋದರಂತೆ. ದಾರಿಯುದ್ದಕ್ಕೂ ಎಲ್ಲ ಖಾತೆಯವರೂ ಸಾಹೇಬ ಬಂದ ಎಂದು ಮೀಸೆ ತೀಡುತ್ತ ನಿಂತಿದ್ದರಂತೆ, ಹೆಂಗಸರೂ. ಸಾಹೇಬರು ಅರ್ಧ ದಾರಿಯಿಂದ ತಿರುಗಿದರಂತೆ.

ಸಾತಪ್ಪ ಗಂಟು ಬಿಚ್ಚಿದ. ಆ ಹಾಡನ್ನು ಮತ್ತೆ ಹಾಡಲಿಲ್ಲ. ಬೇರೆ ಹಾಡು ಹಾಡಿದ, ಮಿಲ್ಲು ಮುಚ್ಚುವವರೆಗೂ ಹಾಡಿದ. ಗಾಳಿಯಲ್ಲಿ ಕರಗಿಹೋದ ಅಂತಾರೆ. ಇಲ್ಲ, ಹೊಳೆಯಾಚೆ ಇಮಾಮ್‌ಸಾಬನ ಗೋರಿಗೆ ಕಾಣುವಷ್ಟು ದೂರದಲ್ಲಿ ಅವನನ್ನು ಮಣ್ಣು ಮಾಡಿದ್ದಾರೆ. ಕಲ್ಲಿನ ಮೇಲೆ ಒಂದು ಅಂಗೈ ಕೆತ್ತಿದೆ.

ಈಗ ಮಗ್ಗಗಳಿಲ್ಲ, ಭೋಂಗಾ ಗುಜರಿಗೆ ಹೋಯಿತು. ಊರಿನ ಮಕ್ಕಳ ಕಿವಿ ಚುರುಕಾಗಿವೆ. ಆದರೂ ಹಿರೇಮಡುವಿನಲ್ಲಿ ಚಪ್ಪಾಳೆ ಇಲ್ಲ. ಶಾಲೆಯ ಗ್ಯಾದರಿಂಗಿನಲ್ಲಿ ಸಣ್ಣ ಹುಡುಗಿ ಹಾಡಿದರೂ ಎಲ್ಲರೂ ಅಂಗೈ ಎತ್ತುತ್ತಾರೆ. ಪರವೂರಿನ ಹಾಡುಗಾರರು ಬೆದರಿ ನಿಲ್ಲಿಸುತ್ತಾರೆ. ಆಗ ಬಾಳವ್ವನ ಮನೆಯವರು ಯಾರಾದರೂ ವೇದಿಕೆ ಹತ್ತಿ, ಮುಗಸ್ರಿ ಎಂದು ಹೇಳಿ ಇಳಿಯಬೇಕು. ಅದು ಆ ಮನೆಯ ಹಕ್ಕು.

ಬೇವಿನ ಮರದ ಕೆಳಗೇ ಈಗ ಬಸ್ಸು ನಿಲ್ಲುವುದು. ಹನ್ನೆರಡೂವರೆಯ ಬಸ್ಸು. ಹೊರಡುವ ಹೊತ್ತಿಗೆ ಯಾರಾದರೂ ಹಾಡುತ್ತಿದ್ದರೆ, ಕುರುಡ ಭಿಕ್ಷುಕನೇ ಆಗಿರಲಿ, ಕಂಡಕ್ಟರು ಸೀಟಿಯನ್ನು ತುಟಿಯವರೆಗೆ ತರುತ್ತಾನೆ, ಎತ್ತಿದ ಅಂಗೈಗಳನ್ನು ನೋಡುತ್ತಾನೆ, ಮತ್ತೆ ಜೇಬಿಗಿಡುತ್ತಾನೆ. ಹಾಡು ಮುಗಿದ ಮೇಲೆ ಬಸ್ಸು ಹೊರಡುತ್ತದೆ. ತಡವಾದದ್ದಕ್ಕೆ ಡಿಪೋದಲ್ಲಿ ಕಾರಣ ಬರೆಯಬೇಕು. ಬಾಯ್ಲರ್ ದುರಸ್ತಿ ಎಂದು ಬರೆಯುತ್ತಾನೆ. ಬಸ್ಸಿಗೆ ಬಾಯ್ಲರ್ ಎಲ್ಲಿದೆ ಎಂದು ಡಿಪೋದವರು ಈವರೆಗೆ ಕೇಳಿಲ್ಲ.